ಮುನಿರಾಜಣ್ಣ ಇಡುತ್ತಿದ್ದ ಎಡೆ

ಮುನಿರಾಜಣ್ಣನಿಗೆ ತಾವು ಸೈನ್ಯದಲ್ಲಿದ್ದ ಊರುಗಳೆಲ್ಲ ಬಾಯಿಪಾಠವಾಗಿದ್ದವು. ಯಾವ ಸ್ಟೇಷನ್ನಿನಲ್ಲಿ ಟೀ ಚೆನ್ನಾಗಿರುತ್ತದೆ, ಯಾವ ಊರಿನ ಚಳಿಗೆ ಟೂತ್‌ಪೇಸ್ಟು ಕಲ್ಲಾಗುತ್ತದೆ, ಎಲ್ಲವನ್ನೂ ಹೇಳುತ್ತಿದ್ದರು. ಒಂದು ಜಾಗಕ್ಕೆ ಮಾತ್ರ ಅವರ ಬಾಯಲ್ಲಿ ಹೆಸರಿರಲಿಲ್ಲ. ಅದನ್ನು ‘ಅಲ್ಲಿ’ ಎನ್ನುತ್ತಿದ್ದರು. ಹಾಗೆಂದ ಮೇಲೆ ಮಾತು ಮುಂದುವರಿಯುತ್ತಿರಲಿಲ್ಲ. ಎದ್ದು ಹೋಗಿ ಗೇಟಿನ ಚಿಲಕ ನೋಡಿ ಬರುತ್ತಿದ್ದರು. ಚಿಲಕ ಹಾಕಿಯೇ ಇರುತ್ತಿತ್ತು.

ಜರಗನಹಳ್ಳಿಯ ಅವರ ಮನೆಯ ಮಹಡಿಯಲ್ಲಿ ನಾನು ಹಲವು ವರ್ಷ ಬಾಡಿಗೆಗಿದ್ದೆ. ಓನರ್ ಎಂದರೆ ಗೋಡೆಗೆ ಮೊಳೆ ಹೊಡೆದ ಸದ್ದಿಗೆ ಓಡಿ ಬರುವವರು ಎಂದು ನಂಬಿದ್ದವಳು ನಾನು. ಇವರು ಓಡಿ ಬಂದದ್ದು ನಿಜ, ಆದರೆ ಸುತ್ತಿಗೆ ಹಿಡಿದು. ‘ವಾರೆ ಹೊಡೀತಿದೀರ, ಬಿಡಿ ಮೇಡಂ’ ಎಂದು ನನ್ನ ಕ್ಯಾಲೆಂಡರಿಗೆ ತಾವೇ ಮೊಳೆ ಹೊಡೆದುಕೊಟ್ಟರು. ಬೀದಿಗೆಲ್ಲ ಅವರು ಮಿಲ್ಟ್ರಿ ಮುನಿರಾಜಣ್ಣ. ಮಿಲಿಟರಿಯವರೆಂದರೆ ಮೀಸೆ ಮತ್ತು ಗದರಿಕೆ ಎಂದುಕೊಂಡಿದ್ದ ನನಗೆ, ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತ ಹೆಂಡತಿ ರತ್ನಮ್ಮನ ಕೈಲಿ ಬೈಸಿಕೊಳ್ಳುವ ಈ ಮನುಷ್ಯ ಬಹಳ ಇಷ್ಟವಾದರು. ಹೋಟೆಲಿನಲ್ಲಿ ಮಾತ್ರ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿರಲಿಲ್ಲ. ಬೇರೆ ಜಾಗ ಸಿಗದಿದ್ದರೆ ಇಡ್ಲಿಯನ್ನು ಪಾರ್ಸಲ್ ಕಟ್ಟಿಸಿಕೊಂಡು ಬಂದುಬಿಡುತ್ತಿದ್ದರು.

ಒಂದು ಸ್ವಾತಂತ್ರ್ಯ ದಿನಾಚರಣೆಗೆ ಬಡಾವಣೆಯ ಸಂಘದವರು ಪಾರ್ಕಿನಲ್ಲಿ ಅವರಿಗೆ ಶಾಲು ಹೊದಿಸಿದರು. ಹಿಂದಿದ್ದ ಬ್ಯಾನರಿನಲ್ಲಿ ದೇಶದ ಯುದ್ಧಗಳ ಹೆಸರು ಸಾಲಾಗಿತ್ತು. ಕಾರ್ಯದರ್ಶಿಗಳು ಮೈಕು ಮುಂದೆ ಹಿಡಿದು, ‘ಸಾರ್, ಇದ್ರಲ್ಲಿ ಯಾವ್ದ್ರಲ್ಲಿ ಇದ್ರಿ ನೀವು?’ ಎಂದು ಕೇಳಿದರು. ಮುನಿರಾಜಣ್ಣ ತಿರುಗಿ ಬ್ಯಾನರನ್ನು ಮೇಲಿಂದ ಕೆಳಗಿನವರೆಗೆ ಓದಿದರು. ‘ಇದ್ರಲ್ಲಿಲ್ಲ ಸಾರ್’ ಎಂದು ಶಾಲು ಮಡಚಿ ಕುರ್ಚಿಯ ಮೇಲಿಟ್ಟು ಹೊರಟೇಬಿಟ್ಟರು. ನನಗೋ ಕುತೂಹಲ ಹುಟ್ಟುಗುಣ. ದಾರಿಯುದ್ದಕ್ಕೂ ಬಿಡದೆ ಕೇಳಿದೆ.

‘ಆಗೇ ಇಲ್ಲ ಅನ್ನೋ ಯುದ್ಧಕ್ಕೆ ಏನಂತ ಹೆಸ್ರು ಹೇಳ್ಲಿ ಮೇಡಂ? ಅಲ್ಲಿ ಸತ್ತೋರ ಹೆಸ್ರೂ ಹೇಳಂಗಿಲ್ಲ’ ಎಂದರು.

ಉಳಿದದ್ದನ್ನು ರತ್ನಮ್ಮ ಚೂರುಚೂರಾಗಿ ಹೇಳಿದರು. ಸರ್ಕಾರ ಎಂದೂ ಒಪ್ಪಿಕೊಳ್ಳದ ಒಂದು ಕಾಳಗಕ್ಕೆ ಗಡಿ ದಾಟಿ ಹೋದ ಚಿಕ್ಕ ಗುಂಪಿನಲ್ಲಿ ಅವರಿದ್ದರು. ಕೆಲವರು ವಾಪಸು ಬರಲಿಲ್ಲ. ಬಂದವರು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದರು. ‘ನನ್ ಹತ್ರಾನೂ ಪೂರ್ತಿ ಹೇಳಿಲ್ಲ. ನಿದ್ದೆಗಣ್ಣಲ್ಲಿ ಬಡಬಡಿಸಿದ್ದು ಕೇಳಿ ನಾನೇ ಜೋಡಿಸ್ಕೊಂಡೆ’ ಎಂದರು ರತ್ನಮ್ಮ.

ಅವರು ಕೊಟ್ಟ ಆ ಮಾತಿಗೆ ಕಂಟಕವಾಗಿದ್ದವರು ಕೆಂಪಮ್ಮ. ಹೊಸಕೆರೆಹಳ್ಳಿಯಿಂದ ಬಸ್ಸು ಬದಲಿಸಿಕೊಂಡು ಬರುತ್ತಿದ್ದ ಮುದುಕಿ. ಆಕೆಯ ದೊಡ್ಡ ಮಗ ನಂಜುಂಡ ಮತ್ತು ಮುನಿರಾಜಣ್ಣ ಒಟ್ಟಿಗೆ ಸೈನ್ಯ ಸೇರಿದವರು, ಒಟ್ಟಿಗೆ ಅಲ್ಲಿಗೂ ಹೋದವರು. ನಂಜುಂಡ ಕಾಣೆಯಾಗಿದ್ದಾನೆ ಎಂದಷ್ಟೇ ಸೈನ್ಯದವರು ಮನೆಗೆ ತಿಳಿಸಿದ್ದರು. ಕಾಣೆಯಾದವನು ಬಂದರೂ ಬಂದಾನು ಎಂದು ತಾಯಿ ಕಾಯುತ್ತಲೇ ಇದ್ದರು.

‘ಏನಾದ್ರೂ ಗೊತ್ತಾಯ್ತೇನಪ್ಪ ಮುನಿರಾಜು?’

‘ಇಲ್ಲ ಕಣವ್ವ.’

‘ಯಾವ್ದಾದ್ರೂ ಜೈಲಲ್ಲಿ ಇದ್ರೂ ಇರ್ಬೌದು, ಅಲ್ವಾ?’

ಮುನಿರಾಜಣ್ಣ ಎದ್ದು ಗೇಟಿನ ಚಿಲಕ ನೋಡಲು ಹೋಗುತ್ತಿದ್ದರು. ಆಕೆ ಕಾಫಿ ಕುಡಿದು ಹೋಗುತ್ತಿದ್ದರು. ಆಮೇಲೆ ಇವರು ಅನ್ನ ಮುಟ್ಟುತ್ತಿರಲಿಲ್ಲ. ‘ಈಯಮ್ಮ ಒಂದಿನ ನನ್ ಕೈಲಿ ಹೇಳಿಸ್ಬಿಡ್ತಾಳೆ’ ಎಂದು ಒಮ್ಮೆ ನನ್ನ ಮುಂದೆಯೇ ಅಂದರು. ಅವರ ಮುಖ ನೋಡಿ ನನಗೆ ಹೆದರಿಕೆಯಾಯಿತು. ಏನೋ ಕೆಟ್ಟದ್ದು ಆ ಮನೆಯ ಕಡೆಗೆ ನಿಧಾನವಾಗಿ ನಡೆದು ಬರುತ್ತಿದೆ ಎನ್ನಿಸಿತು.

ಮಹಾಲಯ ಅಮಾವಾಸ್ಯೆಗೆ ಆ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಿದ್ದರು. ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಯ ಮೇಲೆ ಬಡಿಸುವ ಹಬ್ಬ. ತಂದೆತಾಯಿಯ ಎಲೆಗಳ ಎದುರು ಗೋಡೆಗೆ ಇನ್ನೊಂದು ಸಾಲು ಇರುತ್ತಿತ್ತು. ಒಂದು ಎಲೆಯಲ್ಲಿ ಹುರಿದ ಮೀನು, ಒಂದರಲ್ಲಿ ಬೀಡಿ ಕಟ್ಟು, ಇನ್ನೊಂದರಲ್ಲಿ ಬರೀ ಮೊಸರನ್ನ. ಹೆಸರು ಹೇಳಬಾರದು ಎಂದು ಅವರಿಗೆ ಅಪ್ಪಣೆಯಾಗಿತ್ತು. ಊಟ ಬಡಿಸಬಾರದು ಎಂದು ಯಾರೂ ಹೇಳಿರಲಿಲ್ಲ.

ಎಡೆ ಇಟ್ಟ ಮೇಲೆ ಸತ್ತವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ, ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲಬೇಕು. ಆ ವರ್ಷ ನಾನೂ ಅವರ ಜೊತೆ ಜಗಲಿಯಲ್ಲಿ ನಿಂತಿದ್ದೆ. ಮುಚ್ಚಿದ ಬಾಗಿಲ ಹಿಂದೆ ಸದ್ದಿಲ್ಲ. ಕನಕಪುರ ರಸ್ತೆಯ ಗಲಾಟೆಯೂ ಯಾಕೋ ದೂರವಾದಂತಿತ್ತು. ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಕೆಂಪಮ್ಮ. ಹಬ್ಬದ ದಿನ ಆಕೆ ತಮ್ಮ ಮನೆಯ ಎಡೆ ಬಿಟ್ಟು ಎಂದೂ ಬಂದವರಲ್ಲ. ಆದರೆ ಚಿಕ್ಕ ಮಗನಿಗೆ ರಜೆ ಇಲ್ಲವೆಂದು ಆ ಸಲ ಹಿಂದಿನ ಭಾನುವಾರವೇ ಹಬ್ಬ ಮುಗಿಸಿದ್ದರಂತೆ.

‘ದೊಡ್ಡೋರಿಗೆ ಕೈ ಮುಗಿದು ಹೋಗ್ತೀನಿ ಕಣಪ್ಪ’ ಎಂದರು.

ಮುನಿರಾಜಣ್ಣ ಬಾಗಿಲಿಗೆ ಅಡ್ಡ ನಿಂತರು. ಹಬ್ಬದ ದಿನ ಕೈ ಮುಗಿಯಲು ಬಂದವರನ್ನು ಬೇಡ ಎನ್ನುವುದು ಹೇಗೆ? ಕೊನೆಗೆ ಪಕ್ಕಕ್ಕೆ ಸರಿದರು. ರತ್ನಮ್ಮ ಬಾಗಿಲು ತಟ್ಟಿ ತೆರೆದರು.

ಕೆಂಪಮ್ಮ ಹಿರಿಯರಿಗೆ ನಮಸ್ಕಾರ ಮಾಡಿ ಎದುರು ಸಾಲಿನ ಕಡೆ ತಿರುಗಿದರು. ಕೊನೆಯ ಎಲೆಯ ಮುಂದೆ ನಿಂತುಬಿಟ್ಟರು. ಅದರಲ್ಲಿ ಕಜ್ಜಾಯವಿತ್ತು, ಅದರ ಮೇಲೆ ಉಪ್ಪು ಸವರಿ ಸುಟ್ಟ ಹಸಿಮೆಣಸಿನಕಾಯಿ.

‘ಇದು ಯಾರ್ಗೆ?’

ಮುನಿರಾಜಣ್ಣ ಗೋಡೆ ನೋಡುತ್ತಿದ್ದರು.

‘ಕಜ್ಜಾಯಕ್ಕೆ ಮೆಣಸಿನಕಾಯಿ ಕಚ್ಕೊಂಡು ತಿನ್ನೋನು ಒಬ್ನೇ. ನಾನೇ ಬೈತಿದ್ದೆ’ ಎಂದು ಆಕೆ ನೆಲಕ್ಕೆ ಕುಸಿದು ಕೂತರು. ಅಳಲಿಲ್ಲ. ಎಲೆಯನ್ನೇ ನೋಡುತ್ತ ಕೇಳಿದರು: ‘ಯಾವಾಗಿಂದ ಇಡ್ತಿದೀಯ?’

‘ನಾನು ವಾಪಸ್ ಬಂದಾಗಿಂದ.’

‘ಬದುಕವ್ನೆ ಅಂತ ನಾನು ಒಂದ್ ವರ್ಷಾನೂ ಇಡ್ಲಿಲ್ಲ. ನನ್ ಮಗ ನಮ್ಮನೆ ಬಾಗ್ಲಿಗೆ ಬಂದು ಹಸ್ಕೊಂಡೇ ಹೋಗವ್ನೆ.’ ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. ‘ಎಲ್ಲಿ, ಹೆಂಗೆ, ನಂಗೆ ಬೇಡ. ಒಂದೇ ಒಂದು ಹೇಳು. ಹೋಗೋವಾಗ ನೀರು ಕೇಳಿದ್ನಾ?’

‘ಕೇಳ್ದ ಕಣವ್ವ. ನಾನೇ ಕುಡಿಸ್ದೆ.’

ಆಕೆ ಅವರ ತಲೆ ನೇವರಿಸಿದರು. ನಾನು ಮಹಡಿ ಹತ್ತಿ ಹೋಗಿ ಮನಸಾರೆ ಅತ್ತೆ. ಅಂತೂ ಕಂಟಕ ಕಳೆಯಿತು ಎಂದೇ ತಿಳಿದಿದ್ದೆ.

ಕಳೆದಿರಲಿಲ್ಲ. ಆ ದಿನದಿಂದ ಮುನಿರಾಜಣ್ಣ ಇಳಿಯುತ್ತ ಹೋದರು. ಸಂಕ್ರಾಂತಿ ಹೊತ್ತಿಗೆ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ನಾನು ಪಕ್ಕದಲ್ಲಿ ಕೂತು, ‘ಕೆಂಪಮ್ಮನಿಗೆ ಅಷ್ಟಾದ್ರೂ ಹೇಳಿದ್ರಲ್ಲ, ಒಳ್ಳೇದಾಯ್ತು’ ಎಂದೆ. ಸಮಾಧಾನ ಹೇಳಲು ಹೋದದ್ದು.

‘ನೀರೆಲ್ಲಿತ್ತು ಮೇಡಂ?’ ಎಂದರು. ‘ಕೇಳ್ತಾನೇ ಇದ್ದ. ನರಳೋ ಸದ್ದು ಆ ಕಡೆಯೋರಿಗೆ ಕೇಳ್ಸಿದ್ರೆ ಎಲ್ರೂ ಹೋಗ್ತಿದ್ವಿ. ಬೆಳಕಾಗೋವರ್ಗೂ ಅವನ ಬಾಯಿ ಒತ್ತಿ ಹಿಡಿದಿದ್ದೋನು ನಾನು.’

ಬಲಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡು ಗೋಡೆಯ ಕಡೆ ಹೊರಳಿದರು. ನಾನು ಅವರೊಡನೆ ಮಾತಾಡಿದ್ದು ಅದೇ ಕೊನೆ.

ಅವರು ಹೋದ ದಿನ ಬಾವುಟ ಬರಲಿಲ್ಲ, ಬಿಗಿಲು ಊದಲಿಲ್ಲ. ಬೀದಿಯವರಷ್ಟೇ ಸೇರಿದ್ದರು. ಕೆಂಪಮ್ಮ ಆಟೋದಲ್ಲಿ ಬಂದು ಜನರನ್ನು ಸರಿಸಿಕೊಂಡು ಮುಂದೆ ಹೋದರು. ಹೂವಿನಡಿಯಿಂದ ಮುನಿರಾಜಣ್ಣನ ಬಲಗೈಯನ್ನು ಮೆಲ್ಲಗೆ ಎತ್ತಿ ಕಣ್ಣಿಗೊತ್ತಿಕೊಂಡರು.

‘ನನ್ ಮಗನ್ಗೆ ನೀರು ಕುಡಿಸಿದ ಕೈ’ ಎಂದು ಪಕ್ಕದಲ್ಲಿದ್ದ ನನಗೆ ಹೇಳಿದರು.

ನಾನು ಹೌದೆಂದು ತಲೆಯಾಡಿಸಿದೆ.