ಕೈ ನೋಡದೆ ಬರೆದ ಚೀಟಿ

ಅಕ್ಷರ ದುಂಡಗಿಲ್ಲ, ಒತ್ತಕ್ಷರಗಳಲ್ಲಿ ತಪ್ಪಿರಬಹುದು, ಮಾತೂ ಒರಟು, ಓದುವವರು ಕ್ಷಮಿಸಬೇಕು. ಬರೆದವಳು ಆಮಿನಾಳ ಮಗಳು ಸುಮಯ್ಯ. ಹೆತ್ತವಳನ್ನು ಹೆಸರು ಹಿಡಿದು ಬರೆದಿರುವುದಕ್ಕೂ ಕ್ಷಮೆ ಇರಲಿ. ಅಮ್ಮಿ ಎಂದು ಬರೆಯಲು ಹೊರಟರೆ ಅವಳ ಕೈಗಾದದ್ದು ನೆನಪಾಗಿ, ಸಿಟ್ಟಿಗೆ ಪೆನ್ನು ಕಾಗದವನ್ನೇ ಹರಿಯುತ್ತದೆ.

ಆಮಿನಾ ಚಾಮರಾಜನಗರದ ಒಂದು ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಹದಿನಾರು ವರ್ಷ ದುಡಿದಳು. ಬೆಳಗಿನಿಂದ ಸಂಜೆಯವರೆಗೆ ಕೈ ಬಿಸಿನೀರಿನ ತೊಟ್ಟಿಯಲ್ಲಿ. ನೀರಿನಲ್ಲಿ ಕುಣಿಯುವ ರೇಷ್ಮೆಗೂಡುಗಳಿಂದ ಕೂದಲಿಗಿಂತ ಸಣ್ಣ ಎಳೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದೆತ್ತಬೇಕು. ಪಕ್ಕದ ತೊಟ್ಟಿಯ ಮೂಗಮ್ಮ, ಹರವೆಯಿಂದ ದಿನಾ ಬಸ್ಸಿನಲ್ಲಿ ಬರುವವಳು, "ನಿನ್ ಬೆರಳ್ಗೂ ಕಣ್ ಅವೆ ಕಣಮ್ಮಿ" ಎನ್ನುತ್ತಿದ್ದಳು.

ಸದಾ ನೀರಿನಲ್ಲಿರುವ ಕೈ ಉಗುರಿನ ಬುಡದಲ್ಲಿ ಊದಿಕೊಳ್ಳುತ್ತದೆ. 2002ರಲ್ಲಿ ಮೊದಲ ಸಲ ಊದಿದಾಗ ಆಮಿನಾ ಪೇಟೆಯ ಡಾಕ್ಟರ ಬಳಿ ಹೋದಳು. ಅವರು ತಲೆ ಎತ್ತಲಿಲ್ಲ. "ರೇಷ್ಮೆ ಕೈ ತಾನೆ?" ಎಂದು ಕೇಳಿ, ಆ್ಯಂಟಿಬಯೋಟಿಕ್ ಕ್ಯಾಪ್ಸೂಲ್ ಬರೆದು, ಒಂದು ಇಂಜೆಕ್ಷನ್ ಹಾಕಿಸಿ ಕಳಿಸಿದರು. ಎರಡನೇ ಸಲವೂ ಅದೇ, ಐದನೇ ಸಲವೂ ಅದೇ, ಮೂಗಮ್ಮನಿಗೂ ಅದೇ.

ಎಲ್ಲರಿಗೂ ಒಂದೇ ಬರೆಯುವುದಾದರೆ ಎಲ್ಲರೂ ಯಾಕೆ ಹೋಗಬೇಕು? ಹೆಂಗಸರು ಆಮಿನಾಳ ಚೀಟಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಘಟಕದ ಗೋಡೆಯ ಮೊಳೆಗೆ ನೇತುಹಾಕಿದರು. ಯಾರ ಬೆರಳು ಊದಿದರೂ ಅದನ್ನು ಮೆಡಿಕಲ್ ಸ್ಟೋರಿಗೆ ಒಯ್ಯುವುದು, ನೋವು ಇಳಿಯುವವರೆಗೆ ಎರಡು ದಿನ ನುಂಗುವುದು, ಉಳಿದ ಮಾತ್ರೆಯನ್ನು ಮುಂದಿನವರಿಗೆಂದು ಬಿಸ್ಕತ್ ಡಬ್ಬಿಗೆ ಹಾಕುವುದು. ಅಂಗಡಿಯವನು ತಾರೀಖು ನೋಡುತ್ತಿರಲಿಲ್ಲ. ಒಮ್ಮೆ ಆ ಚೀಟಿ ಗುಂಡ್ಲುಪೇಟೆಗೂ ಹೋಗಿಬಂತು. ಆಮಿನಾಳ ತಮ್ಮ ಮುಜೀಬ್ ಹಲ್ಲುನೋವಿಗೆ ಒಯ್ದಿದ್ದ.

2008ರ ಬೇಸಿಗೆಯಲ್ಲಿ ಅವಳ ಬಲಗೈ ತೋರುಬೆರಳು ಬದನೆಕಾಯಿಯಂತೆ ಊದಿತು. ಡಬ್ಬಿಯ ಮಾತ್ರೆ ಮುಗಿಯಿತು, ಹೊಸದೂ ಮುಗಿಯಿತು, ಕೀವು ನಿಲ್ಲಲಿಲ್ಲ. ಡಾಕ್ಟರು ಇನ್ನೂ ದೊಡ್ಡ ಕ್ಯಾಪ್ಸೂಲ್ ಬರೆದರು, ಕೈ ಮುಟ್ಟದೆಯೇ. ಬೆರಳು ಹೋದರೆ ಎಳೆ ಸಿಗುವುದಿಲ್ಲ, ಎಳೆ ಸಿಗದವಳಿಗೆ ತೊಟ್ಟಿ ಇಲ್ಲ. ಆ ಹೆದರಿಕೆಯಲ್ಲೇ ಮೂರನೇ ವಾರ ಮೈಸೂರಿನ ದೊಡ್ಡಾಸ್ಪತ್ರೆಗೆ ಹೋದಳು. ಅಲ್ಲಿನ ಲೇಡಿ ಡಾಕ್ಟರ್ ಕೀವನ್ನು ಪರೀಕ್ಷೆಗೆ ಕಳಿಸಿದರು. ವರದಿಯಲ್ಲಿ ಔಷಧಗಳ ಹೆಸರು ಸಾಲಾಗಿದ್ದವು. ಎರಡನ್ನು ಬಿಟ್ಟರೆ ಉಳಿದ ಯಾವುದಕ್ಕೂ ಆ ಕ್ರಿಮಿ ಬಗ್ಗುತ್ತಿರಲಿಲ್ಲ. ಅಷ್ಟರಲ್ಲಿ ಕೀವು ಮೂಳೆಗೆ ಇಳಿದಿತ್ತು.

"ಮೊದಮೊದಲು ಊದಿದ್ದು ಬರೀ ನೀರಲ್ಲಿ ನೆನೆದು ಇರಬೇಕಮ್ಮ," ಎಂದರು ಅವರು. "ಕೈ ಒಣಗಿಸಿ ಮುಲಾಮು ಹಚ್ಚಿದ್ರೆ ಸಾಕಿತ್ತು. ಬೇಡದಾಗೆಲ್ಲ ಈ ಮಾತ್ರೆ ನುಂಗಿದ್ದೀರಿ. ಈಗ ನಿಜವಾಗಿ ಬೇಕಾದಾಗ ಅದು ಕೇಳ್ತಿಲ್ಲ."

ತೋರುಬೆರಳಿನ ಎರಡು ಗೆಣ್ಣು ತೆಗೆದರು.

ಹದಿನೈದು ದಿನ ಕಳೆದು ಆಮಿನಾ ಪೇಟೆಯ ಡಾಕ್ಟರ ಮುಂದೆ ಕೂತಳು. ಅವರು ಪೆನ್ನು ತೆಗೆದರು. "ರೇಷ್ಮೆ ಕೈ ತಾನೆ?"

ಆಮಿನಾ ಬ್ಯಾಂಡೇಜಿನ ಕೈಯನ್ನು ಅವರ ಚೀಟಿ ಪುಸ್ತಕದ ಮೇಲೆಯೇ ಇಟ್ಟಳು. "ಬರೀಬ್ಯಾಡಿ ಸಾರ್. ಇವತ್ತಾದ್ರೂ ನೋಡಿ."

ಅವರು ನೋಡಿದರು. ಆಮೇಲೆ ದನಿ ಏರಿಸಿದರು. "ಮಾತ್ರೆ, ಸೂಜಿ ಕೊಡದಿದ್ರೆ ಇನ್ನೊಬ್ಬರ ಹತ್ರ ಹೋಗ್ತೀರಿ. ಕೊಟ್ರೆ ಅರ್ಧಕ್ಕೆ ನಿಲ್ಲಿಸ್ತೀರಿ. ತಪ್ಪು ನಂದಾ?"

"ಅರ್ಧಕ್ಕೆ ನಿಲ್ಸಿದ್ದು ನಾನೇ. ನಿಲ್ಸಬ್ಯಾಡ ಅಂತ ಹೇಳಿದ್ರಾ?"

"ಹೇಳಿದ್ರೆ ಕೇಳ್ತಿದ್ರಾ?"

"ಆರು ವರ್ಷದಲ್ಲಿ ಒಂದ್ಸಲ ಹೇಳಿ ನೋಡ್ಬೇಕಿತ್ತು. ನಾನು ಓದ್ದೋಳಲ್ಲ ಸಾರ್. ಆದ್ರೂ ಒಂದೊಂದು ಗೂಡೂ ಕೈಗೆತ್ತಿ ನೋಡ್ದೆ ನೀರಿಗೆ ಹಾಕ್ದೋಳಲ್ಲ. ನೀವು ಮನುಷ್ಯರ ಕೈ ನೋಡಲ್ವಲ್ಲ!"

"ಮುಂದಿನವರು ಬನ್ನಿ," ಎಂದರು ಡಾಕ್ಟರು.

ಮಾಲೀಕ ಆಮಿನಾಳನ್ನು ಕೆಟ್ಟ ಗೂಡು ಆರಿಸಲು ಮೂಲೆಯಲ್ಲಿ ಕೂರಿಸಿದ. ಒಂಬತ್ತನೇ ತರಗತಿ ಬಿಟ್ಟು ಬಂದ ಸುಮಯ್ಯ ತೊಟ್ಟಿಯ ಮುಂದೆ ಕೂತಳು. ಮೊದಲ ದಿನವೇ ಆಮಿನಾ ಮೊಳೆಯಿಂದ ಚೀಟಿ ಕಿತ್ತು ಬಾಯ್ಲರಿನ ಒಲೆಗೆ ಹಾಕಿದಳು. ಡಬ್ಬಿಯನ್ನೂ ಅದರ ಹಿಂದೆಯೇ ಎಸೆದಳು.

ಈ ಶನಿವಾರ ಮೂಗಮ್ಮ ಗೋಡೆ ತಡಕಿದಳು. "ಚೀಟಿ ಎಲ್ಲೋಯ್ತಮ್ಮಿ? ನನ್ ಎಬ್ಬೆಟ್ಟು ಊದ್ಕಂಡದೆ."

"ಸುಟ್ಬಿಟ್ಟೆ," ಎಂದಳು ಆಮಿನಾ.

"ಅಯ್ಯೋ ನಿನ್ ಕೈ ಸೇದೋಗ! ಇದ್ದುದ್ ಒಂದು ಚೀಟೀನೂ ಸುಟ್ಬುಟ್ಟಾ?"

"ಡಾಕ್ಟ್ರಿಗೆ ತೋರ್ಸು ಅಕ್ಕಾ."

"ಆವಯ್ಯ ಕೈಯೇ ನೋಡಾಕಿಲ್ಲ ಅಂತ ನೀನೇ ಏಳ್ದಲ್ಲಾ!"

ಆಮಿನಾ ಉಳಿದ ನಾಲ್ಕು ಬೆರಳಲ್ಲಿ ಗೂಡು ಆರಿಸುತ್ತಲೇ ಇದ್ದಳು. ಕೊಳೆತ ಗೂಡೊಂದು ಅವಳ ಕೈಯಲ್ಲಿ ಪಚಕ್ಕನೆ ಒಡೆಯಿತು.

ನಾಳೆ ಸೋಮವಾರ. ಸುಮಯ್ಯ ಮೈಸೂರಿನ ವರದಿ ಹಿಡಿದು ಮೂಗಮ್ಮನ ಜೊತೆ ಆ ಡಾಕ್ಟರ ಬಳಿ ಹೋಗುತ್ತಾಳೆ. ಅವರು ಮೂಗಮ್ಮನ ಕೈ ಹಿಡಿದು ನೋಡುವವರೆಗೆ ಅಲ್ಲಿಂದ ಏಳುವುದಿಲ್ಲ.