ಎಸ್ತೇರವ್ವನ ಆಮೆನ್

ಕಲ್ಕತ್ತದ ನಮ್ಮ ಚರ್ಚಿನಲ್ಲಿ ಎಲ್ಲರಿಗಿಂತ ಮೊದಲು ಕೇಳಿಸುತ್ತಿದ್ದದ್ದು ಎಸ್ತೇರವ್ವನ ಆಮೆನ್. ಪ್ರಾರ್ಥನೆ ಹಿಂದಿಯಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಮುಗಿಯುತ್ತಲೇ ಮೂರನೇ ಬೆಂಚಿನಿಂದ ಆ ಹುಬ್ಬಳ್ಳಿ ಗಂಟಲು ಏಳುತ್ತಿತ್ತು. ನಾವೆಲ್ಲ ಅದರ ಬೆನ್ನು ಹಿಡಿದು ಆಮೆನ್ ಅನ್ನುತ್ತಿದ್ದೆವು.

ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡ ಮೇಲೂ ಆಕೆ ಕಲ್ಕತ್ತ ಬಿಡಲಿಲ್ಲ. ಚರ್ಚಿನ ಸ್ಮಶಾನದಲ್ಲಿ ಗಂಡನ ಗೋರಿ. ಪಕ್ಕದ ಖಾಲಿ ಜಾಗದ ಹುಲ್ಲನ್ನೂ ತಾನೇ ಕೀಳುತ್ತ, "ಇಲ್ಲೇ ಅವರ ಮಗ್ಗಲಾಗ ನನ್ನ ಹಾಸಿಗಿ," ಎಂದು ನಗುತ್ತಿದ್ದಳು. ನಮ್ಮ ಕಡೆಯ ಸಾಮಾನು ಸಿಗುವ ಲೇಕ್ ಮಾರ್ಕೆಟ್ಟಿನಿಂದ ಕರಿಬೇವು ತಂದರೆ ನಮಗೂ ಒಂದು ಕಟ್ಟು ಖಾತ್ರಿ.

ನಮ್ಮ ಪಕ್ಕದ ಮನೆಯ ಲಿಡಿಯಾ ಕಾಲೇಜು ಹುಡುಗಿ, ಚರ್ಚಿನಲ್ಲಿ ಹಾಡುತ್ತಿದ್ದಳು. ಹಾಡಿನ ಅಭ್ಯಾಸಕ್ಕೆಂದು ಕರೆಸಿಕೊಂಡ ಪಾದ್ರಿ ಅವಳ ಮೈಮೇಲೆ ಕೈ ಹಾಕಿದ. ಅವಳು ಚರ್ಚಿನ ಕಮಿಟಿಗೆ ದೂರು ಕೊಟ್ಟರೆ ಹಿರಿಯರು ಅವಳ ಬಾಯಿಯನ್ನೇ ಮುಚ್ಚಿಸಿದರು. ಮುಂದಿನ ಭಾನುವಾರ ಅದೇ ಪಾದ್ರಿ ಕೈಯೆತ್ತಿ, ಸುಳ್ಳು ಹೇಳಿದ ನಿನ್ನ ಮಗಳನ್ನು ಕ್ಷಮಿಸು ಸ್ವಾಮಿ ಎಂದು ಪ್ರಾರ್ಥಿಸಿದ. ಎಂಥ ನಾಲಗೆ ಅವನದು! ನನ್ನ ಮೈಯೆಲ್ಲ ಉರಿದುಹೋಯಿತು. ಪ್ರಾರ್ಥನೆ ಮುಗಿದರೂ ಮೂರನೇ ಬೆಂಚು ಸುಮ್ಮನಿತ್ತು. ಸಭೆ ತಬ್ಬಿಬ್ಬಾಯಿತು. ಕಮಿಟಿಯವರಷ್ಟೇ ಆಮೆನ್ ಅಂದರು.

ಅಂದಿನಿಂದ ಹಾಡಿಗೆ, ಎಲ್ಲರೂ ಸೇರಿ ಹೇಳುವ ಕರ್ತನ ಪ್ರಾರ್ಥನೆಗೆ ಮೊದಲಿನಷ್ಟೇ ಗಟ್ಟಿ ಆಮೆನ್; ಪಾದ್ರಿಯ ಪ್ರಾರ್ಥನೆಗೆ ಮಾತ್ರ ತುಟಿ ಬಿಗಿ.

"ಆಮೆನ್ ಅಂದ್ರ ಸಹಿ ಹಾಕಿದಂಗ. ಸುಳ್ಳಿಗೆ ನಾ ಸಹಿ ಹಾಕಂಗಿಲ್ಲ," ಎಂದಳು ಎಸ್ತೇರವ್ವ, ನಾನು ಕೇಳಿದ್ದಕ್ಕೆ.

"ಬೇರೆ ಚರ್ಚಿಗೆ ಹೋಗೋಣ ಬಾ ಅವ್ವಾ," ಎಂದೆ.

"ನಾ ಯಾಕ ಹೋಗ್ಲಿ? ಇದು ನಮ್ಮಪ್ಪನ ಮನಿ. ಆ ಪಾದ್ರಿ ಇವತ್ತ ಬಂದಾನ, ನಾಳೆ ಹೋಗ್ತಾನ."

ಕಮಿಟಿಯ ಹಿರಿಯರು ಎಸ್ತೇರವ್ವನ ಮನೆಗೇ ಬಂದರು. ಪಾದ್ರಿಯ ಕ್ಷಮೆ ಕೇಳದಿದ್ದರೆ ಗಂಡನ ಪಕ್ಕದ ಜಾಗ ಸಿಗುವುದಿಲ್ಲ ಎಂದರು. ಥೂ, ಮನುಷ್ಯರೇ ಅವರು! ಎಸ್ತೇರವ್ವ ಅತ್ತಳು. ಆದರೂ ಅವರಿಗೆಲ್ಲ ಚಹಾ ಕೊಟ್ಟಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ತನ್ನ ಹರಕುಮುರುಕು ಹಿಂದಿಯಲ್ಲಿ, ಆ ಹುಡುಗಿ ಸುಳ್ಳು ಹೇಳಿಲ್ಲ ಎಂದಳು.

ಕಳೆದ ವರ್ಷ ಆಕೆ ತೀರಿಕೊಂಡಾಗ ಅವರು ಹೇಳಿದಂತೆಯೇ ಮಾಡಿದರು. ಊರಾಚೆಯ ಸ್ಮಶಾನವೊಂದರಲ್ಲಿ, ಗುರುತಿಲ್ಲದವರ ನಡುವೆ ಎಸ್ತೇರವ್ವನನ್ನು ಹೂಳಿದೆವು. ಪಾದ್ರಿಗಳು ಯಾರೂ ಬರಲಿಲ್ಲ. ಕನ್ನಡ ಬಾರದ ಲಿಡಿಯಾ ಮುಂದೆ ಬಂದು, ಎಸ್ತೇರವ್ವ ಕಲಿಸಿದ್ದ ಕರ್ತನ ಪ್ರಾರ್ಥನೆಯನ್ನು ಕನ್ನಡದಲ್ಲಿ ತೊದಲುತ್ತ ಹೇಳಿ ಮುಗಿಸಿದಳು. ಮೊದಲ ಆಮೆನ್‌ಗಾಗಿ ಎಲ್ಲರೂ ಕಾಯುತ್ತ ನಿಂತಿದ್ದೆವು.