ಹಿಂದ ಕುಂತ ಗಾಡಿ

ನಮ್ಮ ಗಾಡಿ ಹಿಂಬದಿಗೆ ಕುಸಿಯುತ್ತಿದೆ ಎಂದು ಮೊದಲು ಗುರುತಿಸಿದವನು ನಮ್ಮಪ್ಪ. ಕಲಬುರಗಿ ಕಡೆಯಿಂದ ಪುಣೆಗೆ ಬಂದು, ಕಟ್ಟಡಗಳಿಗೆ ಕಬ್ಬಿಣದ ಸಳಿ ಬಗ್ಗಿಸುತ್ತಲೇ ಆಯುಷ್ಯ ಕಳೆದ ಮನುಷ್ಯ ಅವನು. ಈಗ ಮೊಣಕಾಲು ಹಿಡಿದುಕೊಂಡು ಚಿಂಚವಾಡದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿರುತ್ತಾನೆ. ಅಂದು ನಾನು ಊಟದ ಬೋಗಣಿಗಳನ್ನು ಗಾಡಿಗೆ ಏರಿಸುತ್ತಿದ್ದಾಗ ಎದ್ದು ಬಂದು, ಹಿಂದಿನ ಚಕ್ರದ ಮೇಲಿನ ಸಂದಿಯಲ್ಲಿ ಕೈ ತೂರಿಸಿ ನೋಡಿದ.

“ಗಾಡಿ ಹಿಂದ ಕುಂತದ ನೋಡವ್ವ. ಮೊದ್ಲ ಇಲ್ಲಿ ಕೈ ಸಲೀಸಾಗಿ ಹೋಗ್ತಿತ್ತು.”

“ಸಾಮಾನ ಏರ್ಸೀವಲ್ಲಪ್ಪ, ಅದಕ್ಕ ಕುಂತದ.”

“ಇಳಿಸಿದ ಮ್ಯಾಲೂ ಹಿಂಗೇ ಇರ್ತದ. ನಾ ದಿನಾ ನೋಡ್ಲತ್ತೀನಿ.”

ನನಗೆ ಹೊತ್ತಾಗುತ್ತಿತ್ತು. ಆಯ್ತು ಅಂದು ಗಾಡಿ ಹತ್ತಿದೆ.

ಅದು ಏಳು ಸೀಟಿನ ಎಸ್‌ಯುವಿ. ಬೇರೆಯವರು ಹನ್ನೆರಡು ವರ್ಷ ಓಡಿಸಿದ ಮೇಲೆ ನಮ್ಮ ಕೈಗೆ ಬಂದಿತ್ತು. ತಳೇಗಾಂವದ ಒಂದು ಕಾರ್ಖಾನೆಯಲ್ಲಿ ನಮ್ಮ ಸೀಮೆಯ ಕೆಲಸಗಾರರು ಬಹಳ ಇದ್ದರು. ಮಧ್ಯಾಹ್ನಕ್ಕೆ ಜೋಳದ ರೊಟ್ಟಿ, ಪಲ್ಯ, ಬ್ಯಾಳಿ ಸಾರು ಬೇಕೆಂದು ಅವರೇ ಕೇಳಿದಾಗ ನಾನು ಹಿಂದಿನ ಸೀಟುಗಳನ್ನು ಬಿಚ್ಚಿಸಿ, ಹಲಗೆ ಹಾಸಿ, ಅದನ್ನೇ ಊಟದ ಗಾಡಿ ಮಾಡಿಕೊಂಡೆ. ಗಂಡ ಪಿಂಪ್ರಿಯಲ್ಲಿ ಕೆಲಸದಲ್ಲಿದ್ದರು. ರಜೆಯ ದಿನಗಳಲ್ಲಿ ಅವರೇ ನನಗೆ ಗಾಡಿ ಕಲಿಸಿದ್ದರು.

ನನ್ನ ಜೊತೆ ಬರುತ್ತಿದ್ದವಳು ಅಕ್ಕ. ಒಡಹುಟ್ಟಿದವಳಲ್ಲ, ನಮ್ಮ ಓಣಿಯವಳು, ನನಗಿಂತ ಹತ್ತು ವರ್ಷ ದೊಡ್ಡವಳು. ರೊಟ್ಟಿ ಬಡಿಯುವುದರಲ್ಲಿ ಅವಳ ಕೈ ಯಾರಿಗೂ ಬರುವಂಥದ್ದಲ್ಲ. ಮುಂದಿನ ಸೀಟಿನಲ್ಲಿ ರೊಟ್ಟಿಯ ಬುಟ್ಟಿಗಳಿರುತ್ತಿದ್ದವು. ಹಾಗಾಗಿ ಅಕ್ಕ ಹಿಂದೆ, ಎಡಗಡೆಗೆ, ಒಂದು ಮಣೆಯ ಮೇಲೆ ಕೂತು ಸಾರಿನ ಬೋಗಣಿಯ ಕಿವಿ ಹಿಡಿದುಕೊಳ್ಳುತ್ತಿದ್ದಳು. ಬೋಗಣಿಯ ಮುಚ್ಚಳಕ್ಕೆ ಒಂದು ಬಟ್ಟೆ ಬಿಗಿದಿರುತ್ತಿದ್ದೆವು, ಅಷ್ಟೇ.

ಅಪ್ಪ ಹೇಳಿದ ಮೇಲೆ ನನಗೂ ಒಂದೊಂದೇ ಕಾಣತೊಡಗಿತು. ಮಳೆಗಾಲದ ಕತ್ತಲು ಮುಸುಕಿದ ಬೆಳಗಿನಲ್ಲಿ ದೀಪ ಹಾಕಿದರೆ, ಗಾಡಿಯ ಮೂತಿ ಮೇಲೆದ್ದಿದ್ದರಿಂದ ಎದುರಿನವರ ಕಣ್ಣಿಗೇ ಬೆಳಕು ಹೊಡೆಯುತ್ತಿತ್ತು. ಅವರು ತಮ್ಮ ದೀಪ ಮಿಣುಕಿಸಿ ಬೈದುಕೊಂಡು ಹೋಗುತ್ತಿದ್ದರು. ಸ್ಪೀಡ್ ಬ್ರೇಕರ್ ದಾಟುವಾಗ ಹಿಂದೆ ಧಡ್ ಎಂದು ಕಬ್ಬಿಣಕ್ಕೆ ಕಬ್ಬಿಣ ಬಡಿದ ಸಪ್ಪಳ.

ಮನೆ ಹತ್ತಿರದ ಗ್ಯಾರೇಜಿನವನು ಶಾಕ್ ಅಬ್ಸಾರ್ಬರ್ ಹೋಗಿವೆ ಎಂದು ಎರಡನ್ನೂ ಬದಲಿಸಿದ. ಕುಲುಕಾಟ ಕಡಿಮೆಯಾಯಿತು, ಗಾಡಿ ಮಾತ್ರ ಹಾಗೇ ಕೂತಿತ್ತು. ಮತ್ತೆ ಹೋದಾಗ ಸ್ಪ್ರಿಂಗಿನ ಸುತ್ತುಗಳ ನಡುವೆ ದಪ್ಪ ರಬ್ಬರು ತುರುಕಿದ. ಗಾಡಿ ಮೇಲೆದ್ದಿತು. ನಾನು ಹಿಗ್ಗಿನಿಂದ ಅಪ್ಪನನ್ನು ಕರೆದು ತೋರಿಸಿದೆ. ಅವನು ಬಗ್ಗಿ ನೋಡಿ, “ಎತ್ತಿ ಹಿಡದದ. ಗಟ್ಟಿ ಆಗಿಲ್ಲ,” ಅಂದು ಕಟ್ಟೆಗೆ ವಾಪಸು ಹೋದ.

ಸ್ವಲ್ಪ ದಿನಕ್ಕೇ ಗಾಡಿ ಮತ್ತೆ ಎಡಕ್ಕೆ ವಾಲತೊಡಗಿತು. ಕೊನೆಗೆ ಗಂಡ ಪಿಂಪ್ರಿಯ ಒಬ್ಬ ಹಳೆಯ ಮಿಸ್ತ್ರಿಯ ಹತ್ತಿರ ಕಳಿಸಿದರು. ಆತ ಟೇಪು ಹಿಡಿದು ಚಕ್ರದ ನಡುಭಾಗದಿಂದ ಮೇಲಿನ ಅಂಚಿನವರೆಗೆ ಎರಡೂ ಕಡೆ ಅಳೆದರು. ಎಡಗಡೆ ಎರಡು ಬೆರಳು ಕಡಿಮೆ. “ತಾಈ, ಗಾಡಿ ಬಸಲಿ,” ಅಂದರು. ಅಪ್ಪ ಹೇಳಿದ ಮಾತೇ, ಮರಾಠಿಯಲ್ಲಿ. ಶಾಕ್ ಅಬ್ಸಾರ್ಬರ್ ಕುಲುಕಾಟ ತಡೆಯುತ್ತದೆಯೇ ಹೊರತು ಭಾರ ಹೊರುವುದಿಲ್ಲ, ಭಾರವೆಲ್ಲ ಸ್ಪ್ರಿಂಗಿನದು ಎಂದು ಆತ ಬಿಡಿಸಿ ಹೇಳಿದರು. ವರ್ಷಗಟ್ಟಲೆ ಒತ್ತಿಸಿಕೊಂಡ ಉಕ್ಕು ಪೂರ್ತಿ ಮೇಲೇಳುವುದನ್ನು ಒಂದು ದಿನ ಬಿಟ್ಟುಬಿಡುತ್ತದೆ. ಅದರ ಮೇಲೆ, ಸ್ಪ್ರಿಂಗಿನ ಕೆಳಗಿನ ಸುತ್ತು ಕೂರುವ ಬಟ್ಟಲಿನಲ್ಲಿ ಮಣ್ಣು, ನೀರು ನಿಂತು ತುಕ್ಕು ಹಿಡಿಯುತ್ತದೆ. ರಬ್ಬರು ಇಟ್ಟರೆ ಕಣ್ಣಿಗೆ ಎತ್ತರ ಕಾಣುತ್ತದೆ, ಉಳಿದ ಸುತ್ತುಗಳಿಗೆ ಪೆಟ್ಟು ಹೆಚ್ಚು. ಆತ ಎಡಗಡೆಯ ಸ್ಪ್ರಿಂಗಿಗೆ ನೀರು ಹೊಡೆದು ಸ್ಕ್ರೂಡ್ರೈವರಿನಿಂದ ಕೆರೆದರು. ಕಂದು ಹಕ್ಕಳೆಗಳು ನೆಲಕ್ಕುದುರಿದವು.

“ಎರಡು ದಿನ ಗಾಡಿ ಬಿಟ್ಟುಹೋಗಿ, ಎರಡೂ ಸ್ಪ್ರಿಂಗು ಬದಲಿಸಿ ಕೊಡುತ್ತೇನೆ. ಅಲ್ಲಿಯವರೆಗೆ ಹಿಂದೆ ಭಾರ ಹಾಕಬೇಡಿ. ಹಿಂದೆ ಯಾರನ್ನೂ ಕೂರಿಸಬೇಡಿ,” ಎಂದರು.

ಮುಂದಿನ ವಾರ ತರುತ್ತೇನೆ ಅಂದು ಬಂದೆ. ಎರಡು ದಿನ ಊಟ ತಪ್ಪಿದರೆ ಕಾರ್ಖಾನೆಯವರು ಬೇರೆಯವರನ್ನು ಹುಡುಕುತ್ತಾರೆ ಎಂಬ ಹೆದರಿಕೆ ನನಗಿತ್ತು. ಬಾಡಿಗೆಗೆ ಒಂದು ಟೆಂಪೋ ಕೇಳಬಹುದಿತ್ತು, ಕೇಳಲಿಲ್ಲ. ಒಂದು ವಾರ ಹೋಯಿತು, ಇನ್ನೊಂದು ಹೋಯಿತು. ಅಕ್ಕನಿಗೆ ಹೇಳಲಿಲ್ಲ. ಸುಮ್ಮನೆ ಅವಳ ಜೀವಕ್ಕೆ ಹೆದರಿಕೆ ಯಾಕೆ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ನಿಜವೇನೆಂದರೆ, ಅವಳು ಹಿಂದೆ ಕೂರಲ್ಲ ಅಂದುಬಿಟ್ಟರೆ ಬೋಗಣಿ ಹಿಡಿಯುವವರು ಯಾರು ಎಂಬ ಚಿಂತೆ.

ಮೂರನೆಯ ವಾರದ ಕೊನೆಗೆ, ತಳೇಗಾಂವ ಇನ್ನೇನು ಬಂತು ಅನ್ನುವಾಗ, ನೀರು ತುಂಬಿದ ಒಂದು ತಗ್ಗು ನನಗೆ ಕಾಣಲಿಲ್ಲ. ಹಿಂದಿನ ಚಕ್ರ ಅದರಲ್ಲಿ ಇಳಿಯಿತು. ಕಟ್ ಎಂದು ಏನೋ ತುಂಡಾಯಿತು. ಗಾಡಿಯ ಎಡಮೂಲೆ ಒಮ್ಮೆಗೇ ಕುಸಿಯಿತು. ಹಿಂದಿನಿಂದ ಅಕ್ಕ ಕೂಗಿದ ದನಿ ಮನುಷ್ಯರದ್ದು ಅನಿಸಲಿಲ್ಲ.

ನಾನು ಇಳಿದು ಹಿಂದಿನ ಬಾಗಿಲು ತೆಗೆದಾಗ ಬೋಗಣಿ ಅವಳ ಮೇಲೆ ಒರಗಿತ್ತು. ಕುದಿಯುವ ಸಾರು ಎಡಗಾಲಿನ ಮೇಲೆ ಸೊಂಟದವರೆಗೆ ಚೆಲ್ಲಿತ್ತು. ಕುಡಿಯುವ ನೀರಿನ ಕ್ಯಾನು ಎತ್ತಿ ಅವಳ ಕಾಲಿಗೆ ಸುರಿದೆ. ಖಾಲಿಯಾಗುವವರೆಗೆ ಸುರಿದೆ. ಒಬ್ಬ ಟೆಂಪೋದವನು ನಿಲ್ಲಿಸಿ, ಇಬ್ಬರನ್ನೂ ಆಸ್ಪತ್ರೆಗೆ ಮುಟ್ಟಿಸಿದ. ಕಾರ್ಖಾನೆಯಿಂದ ಫೋನು ಬರುತ್ತಲೇ ಇತ್ತು. ನಾನು ಎತ್ತಲಿಲ್ಲ.

ಸಂಜೆಯ ಹೊತ್ತಿಗೆ ಅಕ್ಕ ಕಣ್ಣು ತೆರೆದು ನನ್ನ ಕಡೆ ನೋಡಿದಳು.

“ನಂದೇ ತಪ್ಪು. ಕೈ ಸಡ್ಲ ಬಿಟ್ಟೆ. ಅಷ್ಟ್ ಮಂದಿ ಊಟ ಹಾಳಾಯ್ತಲ್ಲ.”

ನಾನು ಆಗಲೇ ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ ಮಾತು. “ಇರ್ಲಿ ಬಿಡಕ್ಕ,” ಅಂದೆ. ನನ್ನ ತಪ್ಪಿಗೆ ನಾನು ಅವಳನ್ನು ಕ್ಷಮಿಸಿದೆ.

ಮನೆಗೆ ಬಂದ ಮೇಲೂ ನೋಡಲು ಬಂದವರಿಗೆಲ್ಲ ಅವಳು ಅದನ್ನೇ ಹೇಳಿದಳು. ನನ್ನ ಕೈ ಜಾರ್ತು, ಪಾಪ ಅಕಿ ಏನ ಮಾಡ್ಯಾಳು ಅಂತ. ನಾನು ಅವಳ ಪಕ್ಕದಲ್ಲೇ ಕೂತು ಔಷಧದ ಡಬ್ಬಿ ಹಿಡಿದುಕೊಂಡಿರುತ್ತಿದ್ದೆ. ಅಷ್ಟರಲ್ಲಿ ಪಿಂಪ್ರಿಯ ಮಿಸ್ತ್ರಿ ಗಾಡಿ ಎಳೆಸಿಕೊಂಡು ಹೋಗಿ ಹೊಸ ಸ್ಪ್ರಿಂಗು ಹಾಕಿದ್ದರು. ಮುರಿದ ತುಂಡನ್ನು ಗಾಡಿಯೊಳಗಿನ ಹಲಗೆಯ ಮೇಲೆ ಇಟ್ಟು ಕೊಟ್ಟಿದ್ದರು. ಅಪ್ಪ ಆ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿದ. ಮುರಿದ ಬಾಯಿಯ ಅರ್ಧ ಹಳೆಯ ತುಕ್ಕು, ಅರ್ಧ ಹೊಸ ಹೊಳಪು.

“ಅಕಿಗಿ ಹೇಳ್ದಿ ಏನು?” ಅಂದ.

“ಇನ್ನೂ ಇಲ್ಲಪ್ಪ.”

“ಹೇಳು.”

ಮಾರನೆಯ ದಿನ ಮಧ್ಯಾಹ್ನ ಹೋದೆ. ಅಕ್ಕ ಒಬ್ಬಳೇ ಇದ್ದಳು, ಕಾಲು ಚಾಚಿಕೊಂಡು. ಮಿಸ್ತ್ರಿ ಹೇಳಿದ್ದನ್ನೆಲ್ಲ ಹೇಳಿದೆ, ಹಿಂದೆ ಯಾರನ್ನೂ ಕೂರಿಸಬೇಡ ಅಂದದ್ದನ್ನೂ.

“ಎಷ್ಟ್ ದಿನದ ಮೊದ್ಲ?”

“ಮೂರು ವಾರ.”

ಅವಳು ಸೀರೆಯನ್ನು ಕಾಲಿನ ಮೇಲೆ ಮೆಲ್ಲಗೆ ಎಳೆದುಕೊಂಡಳು.

“ಹೇಳಿದ್ರ ನಾ ಬರ್ತಿದ್ದಿಲ್ಲ ಅಂತ ತಿಳಕೊಂಡಿ ಏನು? ಬರ್ತಿದ್ದೆ. ಬೋಗಣಿ ಎಡಕ್ಕ ಇಟ್ಟು, ನಾ ಬಲಕ್ಕ ಕುಂದ್ರತಿದ್ದೆ. ಅಷ್ಟೇ ಆಗ್ತಿತ್ತು.”

ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ.

“ಕೈ ಜಾರ್ತು ಅಂತ ಓಣಿ ತುಂಬ ನಾನೇ ಹೇಳೀನಿ. ನೀ ಬಾಜೂಕೇ ಕುಂತು ಕೇಳಿದಿ. ಈಗ ನೀನೇ ಹೋಗಿ ಹೇಳು.”

ಹೇಳಿದೆ. ಮನೆ ಮನೆಗೆ ಹೋಗಿ ಹೇಳಿದೆ. ಕೆಲವರು ಆಗಿದ್ದು ಆಯ್ತು ಅಂದರು. ಒಬ್ಬಾಕೆ ಬಾಗಿಲು ಹಾಕಿಕೊಂಡಳು. ಅಕ್ಕನ ಗಂಡ ಪೂರ್ತಿ ಕೇಳಿ, “ನಿಮ್ಮ ಮನ್ಯಾಗಿನವ್ರು ಹಿಂದ ಕುಂತಿದ್ರ ಹಿಂಗ ಬಿಡ್ತಿದ್ರೇನ್ರಿ?” ಎಂದು ಕೇಳಿದರು. ಅಲ್ಲಿಯವರೆಗೆ ಅವರು ನನಗೆ ರೀ ಹಚ್ಚಿ ಮಾತಾಡಿದವರಲ್ಲ.

ಕಾರ್ಖಾನೆಯವರು ಬೇರೆಯವರನ್ನು ಹುಡುಕಲಿಲ್ಲ. ಹತ್ತು ದಿನ ಕೆಲಸಗಾರರು ಹೊರಗೆ ಉಂಡರು, ಆಮೇಲೆ ನಮಗೇ ಕರೆ ಬಂತು. ನಾನು ಯಾವುದಕ್ಕೆ ಹೆದರಿ ಸುಮ್ಮನಿದ್ದೆನೋ ಅದು ಆಗಲೇ ಇಲ್ಲ.

ಮೂರು ತಿಂಗಳಿಗೆ ಅಕ್ಕ ಕೆಲಸಕ್ಕೆ ಬಂದಳು. ಕರೆಯಲು ಹೋಗಿದ್ದವನು ಅಪ್ಪ, ನನಗೆ ಮುಖವಿರಲಿಲ್ಲ. ಬಂದವಳು ರೊಟ್ಟಿಯಷ್ಟೇ ಮಾಡುತ್ತಾಳೆ, ಗಾಡಿ ಹತ್ತುವುದಿಲ್ಲ. ಮೊದಲು ಹಿಟ್ಟು ನಾದುತ್ತಾ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದಳು. ಈಗ ಬೇಕಾದಷ್ಟೇ ಮಾತು. ಸುಟ್ಟ ಕಾಲಿಗೆ ಒಲೆಯ ಝಳ ತಡೆಯುವುದಿಲ್ಲವಂತೆ. ಆ ಕಾಲನ್ನು ಗೋಡೆಯ ಕಡೆ ತಿರುಗಿಸಿ, ಮೈ ಓರೆ ಮಾಡಿ ಕೂತು ರೊಟ್ಟಿ ಬಡಿಯುತ್ತಾಳೆ. ಅವಳ ಎದುರಿನ ಒಲೆ ನನ್ನದು.